ಹಸಿರು ಪಟ್ಟಿಯ ಹನ್ನೊಂದು ಅಂಗಿ

ಘಾನಾದ ಕಡಲ ದಡದ ಎಡುಮಾಕಿರ್‌ನಲ್ಲಿ ಅರಬಾಳ ಹೊಲಿಗೆ ಅಂಗಡಿ ಎಲ್ಲಿ ಎಂದು ಕೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ದಾರಿ ತೋರಿಸುತ್ತಾರೆ. ಮೀನಿಗೆ ಹೊಗೆ ಹಾಕುವ ಮಣ್ಣಿನ ಒಲೆಗಳ ಸಾಲು ದಾಟಿದರೆ, ಮೆಥಡಿಸ್ಟ್ ಚರ್ಚಿನ ಬೆನ್ನಿಗೆ ಒರಗಿ ನಿಂತ ಮರದ ಗೂಡಂಗಡಿ. ನಗುವುದಕ್ಕೂ ಕಾರಣವಿದೆ. ಅರಬಾ ಅಳತೆ ತೆಗೆಯುವಾಗ ಸೊಂಟದ್ದನ್ನು ತೋಳಿಗೆ ಬರೆದು, ತೋಳಿನದ್ದನ್ನು ಎದೆಗೆ ಬರೆದು, ಕೊನೆಗೆ ಪುಸ್ತಕವನ್ನೇ ಮುಚ್ಚಿಟ್ಟು ಕಣ್ಣಳತೆಯಲ್ಲಿ ಕತ್ತರಿ ಆಡಿಸುವವಳು. ಆದರೂ ಅವಳು ಹೊಲಿದ ರವಿಕೆ ಯಾರ ಕಂಕುಳಲ್ಲೂ ಹಿಡಿದದ್ದಿಲ್ಲ. ಇದು ಹೇಗೆ ಎಂದು ಕೇಳಿದರೆ "ಗೊತ್ತಿಲ್ಲಮ್ಮ" ಅನ್ನುತ್ತಾಳೆ. ಐವತ್ತೇಳು ವರ್ಷದ ಬದುಕಿನಲ್ಲಿ ಅವಳು ಅತಿ ಹೆಚ್ಚು ಸಲ ಆಡಿದ ಮಾತು ಅದೇ ಇರಬೇಕು.

ಅವಳಿಗೆ ಗೊತ್ತಿಲ್ಲದ ಸಂಗತಿಗಳಲ್ಲಿ ದೊಡ್ಡದೆಂದರೆ, ಹಿನ್ನೀರಿನ ಆಚೆಯ ಮಕ್ಕಳ ಉಸಾಬರಿ ತನಗೇಕೆ ಅಂಟಿಕೊಂಡಿತು ಎಂಬುದು. ಆಚೆ ದಡದಲ್ಲಿ ಉಪ್ಪು ಕೆರೆಯುವವರು, ಕೂಲಿಗೆ ಬಲೆ ಎಳೆಯುವವರು ತೆಂಗಿನ ಗರಿಯ ಗುಡಿಸಲು ಕಟ್ಟಿಕೊಂಡಿದ್ದಾರೆ. ಕೆಲವರು ವೋಲ್ಟಾ ನದಿಯ ಆಚೆಯಿಂದ ಬಂದ ಎವೆ ಜನ, ಕೆಲವರು ಉತ್ತರದ ಒಣ ಸೀಮೆಯವರು. ಹತ್ತು ವರ್ಷ ಇಲ್ಲೇ ಇದ್ದರೂ ಊರಿನ ಬಾಯಲ್ಲಿ ಅವರು ಇನ್ನೂ "ಬಂದವರು". ಅಲ್ಲಿಂದ ಜಿಫಾ ಎಂಬ ಹುಡುಗಿ ಮೂರು ವರ್ಷದ ಹಿಂದೆ ಅಂಗಡಿಯ ಮುಂದೆ ಬಿದ್ದ ಚಿಂದಿ ಆರಿಸಲು ಬಂದಳು. ಮೈಮೇಲಿನ ಅಂಗಿಗೆ ಬೆನ್ನೇ ಇರಲಿಲ್ಲ. ಅರಬಾ ಬೈಯಲು ಬಾಯಿ ತೆರೆದವಳು, ಏನೋ ಆಗಿ, "ನಿಲ್ಲು, ಬೆನ್ನು ತೋರ್ಸು" ಎಂದು ಒಂದು ತುಂಡು ಹಚ್ಚಿಕೊಟ್ಟಳು. ಮಾರನೇ ದಿನ ಜಿಫಾ ಇನ್ನಿಬ್ಬರನ್ನು ಕರೆತಂದಳು. ಹೀಗೆ ಹನ್ನೊಂದಾದರು.

ಊರಿನ ಶಾಲೆಯಲ್ಲಿ ಶುಲ್ಕವಿಲ್ಲ, ಸಮವಸ್ತ್ರ ಮಾತ್ರ ಮನೆಯವರದು. ನೀಲಿ ಬಿಳಿ ಚೌಕಳಿಯ ಅಂಗಿ. ಬೇರೆ ದಿನಗಳಲ್ಲಿ ಹೆಡ್ ಮಾಸ್ತರ್ ಕ್ವೈನೂ ಹರಕು ಅಂಗಿಯನ್ನು ಕಂಡೂ ಕಾಣದಂತೆ ಇರುತ್ತಿದ್ದರು, ಒಳ್ಳೆಯ ಮನುಷ್ಯ. ಆದರೆ ಫೆಬ್ರವರಿ ಬಂದರೆ ಕತೆ ಬೇರೆ. ಮಾರ್ಚ್ ಆರು ಘಾನಾಕ್ಕೆ ಸ್ವಾತಂತ್ರ್ಯ ಬಂದ ದಿನ. ಎಲ್ಲ ಶಾಲೆಗಳ ಮಕ್ಕಳು ಡೋಲು ಬಾರಿಸಿಕೊಂಡು, ತೋಳು ಬೀಸಿಕೊಂಡು ಮೈದಾನಕ್ಕೆ ನಡೆಯುತ್ತಾರೆ, ದೊಡ್ಡವರು ವಂದನೆ ಸ್ವೀಕರಿಸುತ್ತಾರೆ, ಚೆನ್ನಾಗಿ ನಡೆದ ಶಾಲೆಗೆ ಬಹುಮಾನದ ಬಟ್ಟಲು. ಅದಕ್ಕಾಗಿ ತಿಂಗಳಿಡೀ ತಾಲೀಮು. ಸರಿಯಾದ ಅಂಗಿ ಇಲ್ಲದ ಮಕ್ಕಳು ಬಾದಾಮಿ ಮರದ ಕೆಳಗೆ ಕೂತು ನೋಡಬೇಕು. ಕೂತು ಕೂತು ಬೇಸತ್ತವರು ಮನೆಗೆ ಹೋಗುತ್ತಾರೆ. ಮಾರ್ಚ್ ಆರರ ಸಾಲಿನಲ್ಲಿ ಇಲ್ಲದ ಮಗು ಏಳನೇ ತಾರೀಕು ಶಾಲೆಯಲ್ಲೂ ಇರುವುದಿಲ್ಲ, ಉಪ್ಪಿನ ಹೊಂಡದಲ್ಲಿರುತ್ತದೆ. ಅರಬಾ ತಾನೂ ಹಾಗೆಯೇ ನಾಲ್ಕನೇ ತರಗತಿಯಲ್ಲಿ ಬಾದಾಮಿ ಮರದ ಕೆಳಗಿನಿಂದ ಎದ್ದು ಬಂದವಳು. ಆದ್ದರಿಂದ ಈ ಒಂದು ವಿಷಯ ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು: ಹನ್ನೊಂದು ಮಕ್ಕಳೂ ಆ ಸಾಲಿನಲ್ಲಿ ನಡೆಯಬೇಕು.

ಗಿರಾಕಿಗಳ ಮನೆಮನೆ ತಿರುಗಿ ಅವಳು ಹಳೆಯ ಸಮವಸ್ತ್ರ ಕೂಡಿಸಿದಳು. ಕೊಟ್ಟವರು ಮೂಗು ಮುರಿದೇ ಕೊಟ್ಟರು.

"ಯಾರ ಮಕ್ಕಳಿಗೆ ಅರಬಾ?"

"ಹಿನ್ನೀರಿನ ಕಡೆಯೋವಕ್ಕೆ."

"ಅವು ನಿಂಗೇನಾಗ್ಬೇಕು?"

"ಗೊತ್ತಿಲ್ಲಮ್ಮ. ಏನೂ ಆಗ್ಬೇಕಿಲ್ಲ. ಕೊಡೋ ಹಾಗಿದ್ರೆ ಕೊಡು."

ಬಂದ ಅಂಗಿಗಳೆಲ್ಲ ಗಿಡ್ಡ, ಬಿಗಿ. ಬಿಚ್ಚಿ, ತಿರುಗಿಸಿ, ಎರಡಕ್ಕೆ ಒಂದು ಮಾಡಿ ಹೊಲಿದಳು. ಆದರೂ ಕೆಳಗೆ ಮೊಣಕಾಲು, ಮೇಲೆ ಮುಂಗೈ ಇಣುಕುತ್ತಿದ್ದವು. ಅಂಚಿಗೆ ನಾಲ್ಕು ಬೆರಳಿನ ಪಟ್ಟಿ ಹಚ್ಚದೆ ಗತಿಯಿರಲಿಲ್ಲ. ಅವಳ ತಗಡಿನ ಪೆಟ್ಟಿಗೆಯಲ್ಲಿ ಚರ್ಚಿನ ಹಾಡುಗಾರರಿಗೆ ಹೊಲಿದು ಮಿಕ್ಕ ಹಸಿರು ಬಟ್ಟೆ ಇತ್ತು. ಅದನ್ನೇ ಎಳೆದುಕೊಂಡು, ಹನ್ನೊಂದು ಅಂಗಿಗೂ ಒಂದೇ ಬೀಸಿನಲ್ಲಿ ಹಚ್ಚಿ ಮುಗಿಸಿದಳು. ಚೆನ್ನಾಗೇ ಕಾಣುತ್ತಿತ್ತು. ಮಾಸ್ತರರೂ ತಲೆಯಾಡಿಸಿದರು.

ಆ ಊರಿನಲ್ಲಿ ಹುಟ್ಟಿ ಬೆಳೆದ ಹೆಂಗಸು ಹೀಗೆ ಮಾಡಿದಳೆಂದರೆ ನಂಬುವುದು ಕಷ್ಟ. ಎಡುಮಾಕಿರ್‌ನಲ್ಲಿ ಗಂಡಸರ ಎರಡು ದಂಡುಗಳಿವೆ. ಹಿಂದೆ ಕೋವಿ ಹಿಡಿದು ಊರು ಕಾಯುತ್ತಿದ್ದವಂತೆ. ಈಗ ದಾರಿ ಸವರುತ್ತವೆ, ಕಡಲಲ್ಲಿ ಕಾಣೆಯಾದವರನ್ನು ಹುಡುಕುತ್ತವೆ, ಉಳಿದ ಹೊತ್ತಿನಲ್ಲಿ ಬಣ್ಣಕ್ಕಾಗಿ ಜಗಳವಾಡುತ್ತವೆ. ಕೆಂಪು ಒಂದನೇ ದಂಡಿನದು, ಹಸಿರು ಎರಡನೆಯದು. ಒಬ್ಬರ ಬೀದಿಯಲ್ಲಿ ಇನ್ನೊಬ್ಬರು ತಮ್ಮ ಬಣ್ಣ ಹಿಡಿದು ಮೆರವಣಿಗೆ ಹೋದರೆ ಅದು ಕೆನ್ನೆಗೆ ಹೊಡೆದ ಹಾಗೆ. ಅರಬಾಳ ಅಜ್ಜನ ಕಾಲದಲ್ಲಿ ಒಂದು ಹಸಿರು ಕರವಸ್ತ್ರಕ್ಕೆ ಮೂರು ತಲೆ ಒಡೆದಿದ್ದವು. ದಂಡು ಬರುವುದು ಅಪ್ಪನಿಂದ. ಅರಬಾಳ ಅಪ್ಪ ಎರಡನೇ ದಂಡಿನವನು, ತೀರಿಕೊಂಡ ಗಂಡ ಜೋಜೋ ಒಂದನೆಯದರವನು, ಅಕ್ರಾದಲ್ಲಿರುವ ಮಗನೂ ಒಂದನೆಯದರವನು. ಮೂವತ್ತು ವರ್ಷದಿಂದ ಅವಳು ಕೆಂಪು ಬೀದಿಯಲ್ಲಿ ಬಾಳಿದ ಹಸಿರು ಮನೆಯ ಮಗಳು. ಮೈದಾನಕ್ಕೆ ಹೋಗುವ ದಾರಿ ಇರುವುದೂ ಆ ಕೆಂಪು ಬೀದಿಯಲ್ಲೇ.

ಸೋಮವಾರ, ಹಬ್ಬಕ್ಕೆ ಎರಡು ದಿನ ಮೊದಲು, ಪೂರ್ತಿ ಉಡುಪಿನ ತಾಲೀಮು. ಶಾಲೆಯ ಸಾಲು ಡೋಲಿನೊಂದಿಗೆ ಕೆಂಪು ಬೀದಿಗೆ ತಿರುಗಿತು. ಒಂದನೇ ದಂಡಿನ ಕಟ್ಟೆಯ ಮುಂದೆ, ದಂಡಿನ ಕುರುಹಾಗಿ ಕಟ್ಟಿದ ಸಿಮೆಂಟಿನ ಹಡಗು ಮತ್ತು ಸಿಮೆಂಟಿನ ಸಿಂಹದ ಎದುರಿಗೆ, ಬಲೆ ಹೆಣೆಯುತ್ತಿದ್ದ ಗಂಡಸರು ತಲೆ ಎತ್ತಿದರು. ಹನ್ನೊಂದು ಜೊತೆ ಹಸಿರು ಅಂಚು ಒಂದೇ ತಾಳದಲ್ಲಿ ಮೇಲೆ ಕೆಳಗೆ ಆಡುತ್ತ ಹೋಯಿತು. ಡೋಲು ನಿಲ್ಲುವ ಮೊದಲೇ ಸುದ್ದಿ ಊರು ಸುತ್ತಿತು.

ಒಂದನೇ ದಂಡಿನ ಯಜಮಾನ ಎಕೋ ಅಸಾನೆ ಜೋಜೋನ ಅಣ್ಣ, ಅರಬಾಳಿಗೆ ಭಾವ. ಅವನು ಅಂಗಡಿಗೇ ಬಂದ. ಕೂರಲಿಲ್ಲ.

"ನಾಳೆ ಮಂಗಳವಾರ, ಬೆಳಿಗ್ಗೆ ಕಟ್ಟೆ ಹತ್ರ ಬಾ. ಅಲ್ಲೀವರ್ಗೂ ಆ ಮಕ್ಕಳು ನಮ್ಮ ಬೀದಿಗೆ ಕಾಲಿಡಬಾರ್ದು. ಇಟ್ರೆ ಹುಡುಗರನ್ನ ಹಿಡ್ಕೊಳ್ಳೋಕೆ ನನ್ನಿಂದಾಗಲ್ಲ."

"ಏನಾಯ್ತು ಭಾವ?"

"ಏನಾಯ್ತಾ? ಬಟ್ಟೆ ನೋಡ್ಕೋ ಹೋಗು."

ಅವಳು ಬಟ್ಟೆ ನೋಡಿದಳು. ಆಗ ಹೊಳೆಯಿತು. ಅವನು ಹೋದ ಸ್ವಲ್ಪ ಹೊತ್ತಿಗೆ ಎರಡನೇ ದಂಡಿನ ಯಜಮಾನ ಯೂಫಿ, ಅವಳ ಚಿಕ್ಕಪ್ಪ, ಬಗಲಲ್ಲಿ ಜಿನ್ ಬಾಟಲಿ ಇಟ್ಟುಕೊಂಡು ಹಲ್ಲು ಕಿರಿಯುತ್ತ ಬಂದ. ಮೂವತ್ತು ವರ್ಷದಲ್ಲಿ ಅವನು ಈ ಅಂಗಡಿಗೆ ಕಾಲಿಟ್ಟದ್ದು ಅದೇ ಮೊದಲು.

"ನಮ್ಮಣ್ಣ ಎಗಿರನ ಮಗಳು ಅಂದ್ರೆ ಮಗಳು. ಅವರ ಕಟ್ಟೆ ಮುಂದೇನೇ ನಮ್ಮ ಬಣ್ಣ ಕುಣಿಸಿಬಿಟ್ಟೆಯಲ್ಲ. ನಮ್ಮ ಗಂಡಸ್ರಿಗೆ ನಲವತ್ತು ವರ್ಷದಿಂದ ಆಗಿರ್ಲಿಲ್ಲ."

"ಚಿಕ್ಕಪ್ಪ, ನಾನು ಬೇಕು ಅಂತ ಮಾಡಿಲ್ಲ."

"ಹಂಗೇ ಹೇಳು, ಹಂಗೇ ಹೇಳು. ಜಾಣೆ."

ಮೆಚ್ಚುಗೆಗೆಂದು ಬಾಟಲಿಯನ್ನು ಅಲ್ಲೇ ಇಟ್ಟು ಅವನು ಹೋದ ಮೇಲೆ ಅರಬಾ ಹೊಲಿಗೆ ಯಂತ್ರದ ಮುಂದೆ ಕೂತೇ ಇದ್ದಳು. ಪೆಟ್ಟಿಗೆಯಲ್ಲಿ ಬಿಳಿ ಬಟ್ಟೆಯೂ ಇತ್ತು, ನೇರಳೆಯೂ ಇತ್ತು. ಕೈ ಹಸಿರಿಗೇ ಯಾಕೆ ಹೋಯಿತು? ಮರೆತೆನೆ? ಮರೆಯುವಂಥದ್ದೇ ಅದು? ಅಪ್ಪನ ಹೆಣದ ಮೇಲೆ ಹೊದಿಸಿದ್ದ ಬಟ್ಟೆಯ ಬಣ್ಣ ಅದು. ಹಾಗಾದರೆ ಒಳಗೆಲ್ಲೋ ತಿಳಿದೇ ಮಾಡಿದೆನೆ? ಯಾರ ಮೇಲಿನ ಸಿಟ್ಟಿಗೆ? ಭಾವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ಗಂಡ ಸತ್ತಾಗ ಅವನೇ ಸೂರಿಗೆ ತಗಡು ಹಾಕಿಸಿಕೊಟ್ಟವನು. ಯೋಚಿಸಿದಷ್ಟೂ ದಾರದ ಉಂಡೆ ಸಿಕ್ಕಾಯಿತು. ಕೊನೆಗೆ ಜಿನ್ ಬಾಟಲಿಯನ್ನು ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಳು. ಅದನ್ನೇಕೆ ಬಚ್ಚಿಟ್ಟೆ ಎಂಬುದೂ ಅವಳಿಗೆ ತಿಳಿಯಲಿಲ್ಲ.

ಮಂಗಳವಾರ ಯಾರೂ ಕಡಲಿಗಿಳಿಯುವುದಿಲ್ಲ, ಅದು ಕಡಲಿನ ರಜೆ. ಹಾಗಾಗಿ ಊರಿನ ನ್ಯಾಯಗಳೆಲ್ಲ ಮಂಗಳವಾರವೇ. ಕಟ್ಟೆಯ ಸುತ್ತ ಎರಡೂ ದಂಡಿನವರು ಸೇರಿದ್ದರು. ಮಾಸ್ತರ್ ಕ್ವೈನೂ ಟೈ ಕಟ್ಟಿಕೊಂಡು ಬಂದು ಬೆವರುತ್ತಿದ್ದರು. ಮಕ್ಕಳು ಬರಬಾರದೆಂದು ಹೇಳಿದ್ದರೂ ಜಿಫಾ ಬಂದು ಅರಬಾಳ ಹಿಂದೆ ನಿಂತಿದ್ದಳು.

"ಹೇಳು ಅರಬಾ," ಎಂದ ಎಕೋ. "ನನ್ನ ತಮ್ಮನ ಹೆಂಡ್ತಿ ನೀನು. ಹಸಿರು ಯಾಕೆ?"

"ಗೊತ್ತಿಲ್ಲ ಭಾವ."

"ಕತ್ತರಿ ಹಿಡ್ದಿದ್ದು ಯಾರು?"

"ನಾನೇ."

"ಬೇರೆ ಬಟ್ಟೆ ಇರ್ಲಿಲ್ವಾ?"

"ಇತ್ತು. ಬಿಳಿ ಇತ್ತು, ನೇರಳೆ ಇತ್ತು."

"ಮತ್ತೆ?"

"ಕೈಗೆ ಹಸಿರು ಸಿಕ್ತು."

ಜನ ನಕ್ಕರು. ಮಾಸ್ತರರು ಎದ್ದು ನಿಂತು, ದೇಶದ ಬಾವುಟದಲ್ಲೂ ಹಸಿರಿದೆಯಲ್ಲ, ಅದನ್ನು ಹಿಡಿದು ಹೋದಾಗ ಯಾರೂ ತಕರಾರು ಮಾಡುವುದಿಲ್ಲವಲ್ಲ ಎಂದರು.

"ಅದು ದೇಶದ ಹಸಿರು ಮಾಸ್ತರೇ. ದೇಶ ನಮ್ಮ ಬೀದೀಲಿ ಹೋದ್ರೆ ನಾವೇ ಎದ್ದು ನಿಲ್ತೀವಿ. ಯೂಫಿ ಹೋದ್ರೆ ನಿಲ್ಲಲ್ಲ. ನೀವು ಕೂತ್ಕೊಳ್ಳಿ."

ಮಾಸ್ತರರು ಕೂತರು. ಎಕೋ ಯೂಫಿಯ ಕಡೆ ತಿರುಗಿದ.

"ಯೂಫಿ, ನೇರವಾಗಿ ಕೇಳ್ತೀನಿ. ಆ ಮಕ್ಕಳು ನಿಮ್ಮವಾ? ನಿಮ್ಮವಾದ್ರೆ ಪದ್ಧತಿ ಇದೆ. ತಪ್ಪುಕಾಣಿಕೆಗೆ ಟಗರು ತನ್ನಿ, ಬಣ್ಣ ಬಿಚ್ಚಿ, ಆಮೇಲೆ ನಡೀಲಿ. ನಿಮ್ಮವಲ್ಲ ಅಂದ್ರೆ ಹಾಗಂತ ಎಲ್ಲರೆದ್ರಿಗೆ ಹೇಳಿ."

ನಿನ್ನೆ ಹಲ್ಲು ಕಿರಿದಿದ್ದ ಯೂಫಿಯ ಬಾಯಿ ಟಗರಿನ ಹೆಸರೆತ್ತುತ್ತಲೇ ಮುಚ್ಚಿಕೊಂಡಿತು. ಅವನು ಟೋಪಿ ತೆಗೆದು, ಕೊಡವಿ, ಮತ್ತೆ ಹಾಕಿಕೊಂಡ.

"ನಮ್ಮವೆಲ್ಲಿಂದ ಬಂದ್ವು? ಅವು ಹಿನ್ನೀರಿನ ಆಚೆಯೋವು. ಅಪ್ಪಂದಿರು ಯಾವ ಸೀಮೆಯೋರೋ ಏನೋ. ನಮಗೂ ಅವಕ್ಕೂ ಸಂಬಂಧ ಇಲ್ಲ."

"ನಿಮ್ಮವಲ್ಲ?"

"ಅಲ್ಲ."

ಎಕೋ ಗಡ್ಡ ಕೆರೆದುಕೊಂಡ. ಅವನು ಕೆಟ್ಟವನಲ್ಲ, ಮಕ್ಕಳನ್ನು ಹೊಡೆಸುವ ಮನಸ್ಸು ಅವನಿಗೂ ಇರಲಿಲ್ಲ. ದಾರಿ ಸಿಕ್ಕಿದ ಸಮಾಧಾನ ಅವನ ಮುಖದ ಮೇಲೆ ಕಂಡಿತು.

"ಹಾಗಾದ್ರೆ ತಕರಾರೇ ಇಲ್ಲ. ಬಣ್ಣ ಅನ್ನೋದು ದಂಡಿದ್ದೋರಿಗೆ. ಒಂದು ಮೇಕೆ ಹಸಿರು ಎಲೆ ಕಚ್ಕೊಂಡು ನಮ್ಮ ಬೀದೀಲಿ ಹೋದ್ರೆ ನಾವು ಮೇಕೆ ಜೊತೆ ಜಗಳಕ್ಕೆ ಹೋಗ್ತೀವಾ? ಇದೂ ಹಂಗೇ. ಹಾಕ್ಕೊಂಡೇ ನಡೀಲಿ ಬಿಡಿ. ನಮಗೇನೂ ಅವಮಾನ ಆಗಿಲ್ಲ."

ಎಲ್ಲರಿಗೂ ಒಪ್ಪಿಗೆಯಾಯಿತು. ಮಾಸ್ತರರು ಹಣೆ ಒರೆಸಿಕೊಂಡು "ದೇವರು ದೊಡ್ಡವನು" ಎಂದರು. ಗಂಡಸರು ಏಳತೊಡಗಿದರು. ಅರಬಾಳಿಗೆ ಬೇಕಾದದ್ದು ಸಿಕ್ಕಿತ್ತು. ಹನ್ನೊಂದು ಮಕ್ಕಳೂ ನಡೆಯುತ್ತಾರೆ, ಒಂದು ಹೊಲಿಗೆಯನ್ನೂ ಬಿಚ್ಚಬೇಕಿಲ್ಲ. ಸಂತೋಷಪಡಬೇಕು ಎಂದು ಅವಳು ಪ್ರಯತ್ನವನ್ನೂ ಪಟ್ಟಳು. ಆಗಲಿಲ್ಲ.

ಹಿಂದಿನಿಂದ ಜಿಫಾ ಅವಳ ತೋಳು ಜಗ್ಗಿದಳು.

"ಮೇಡಂ, ಮೇಕೆ ಅಂದಿದ್ದು ನಮಗಾ?"

ಅರಬಾಳ ಬಾಯಿಗೆ ಅಭ್ಯಾಸದಂತೆ "ಗೊತ್ತಿಲ್ಲ" ಎಂಬ ಮಾತು ಬಂತು. ಆದರೆ ಅದು ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಜಿಫಾಗೂ ಗೊತ್ತಿತ್ತು, ಸುಮ್ಮನೆ ಕೇಳಿದ್ದಳು.

"ಭಾವ," ಎಂದಳು ಅರಬಾ. ಎದ್ದವರು ನಿಂತರು. "ಭಾವ, ತಕರಾರು ಇದೆ."

"ಯಾರದ್ದು?"

"ನಿಮ್ದೇ. ನಿಮಗೆ ಅವಮಾನ ಆಗಿದೆ."

"ಆಗಿಲ್ಲ ಅಂತ ನಾನೇ ಹೇಳ್ತಿದೀನಲ್ಲ."

"ಆಗಿದೆ. ನಿನ್ನೆ ಅಂಗಡಿಗೆ ಬಂದಾಗ ನೀವು ಕೂರ್ಲೇ ಇಲ್ಲ. ಮೇಕೆ ಹೋಗಿದ್ರೆ ಕೂತು ನೀರು ಕುಡ್ದು ಹೋಗ್ತಿದ್ರಿ."

ಯಾರೋ ಕಿಸಕ್ಕೆಂದು ನಕ್ಕು ನಿಲ್ಲಿಸಿದರು. ಮಾಸ್ತರರು ಅವಳ ಕಡೆ ಕಣ್ಣು ಸನ್ನೆ ಮಾಡಿ ಸುಮ್ಮನಿರು, ಸುಮ್ಮನಿರು ಎನ್ನುತ್ತಿದ್ದರು. ತಾನು ಏನು ಮಾಡುತ್ತಿದ್ದೇನೆಂದು ಅರಬಾಳಿಗೂ ನೆಟ್ಟಗೆ ತಿಳಿಯುತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಯಾರಾದರೂ ಹೀಗೆ ಎತ್ತಿ ಬಿಸಾಡುತ್ತಾರೆಯೇ?

"ತಪ್ಪಾಗಿದೆ ಭಾವ. ಮಕ್ಕಳಿಂದ ತಪ್ಪಾಗಿದೆ. ತಪ್ಪುಕಾಣಿಕೆ ತಗೊಳ್ಳಿ."

"ಯಾರಿಂದ ತಗೊಳ್ಳಲಿ? ಯೂಫಿ ನಮ್ಮವಲ್ಲ ಅಂದ. ಅಪ್ಪಂದಿರು ಇಲ್ಲಿಯೋರಲ್ಲ. ಹೆಂಗಸಿನಿಂದ ದಂಡು ಬರಲ್ಲ, ನಿಂಗೂ ಗೊತ್ತು."

"ಗೊತ್ತು. ದಂಡು ಬೇಡ. ಮಕ್ಕಳು ತಪ್ಪು ಮಾಡಿದ್ರೆ ಮನೆಯೋರು ಟಗರು ತರ್ತಾರೆ. ನಾನು ತರ್ತೀನಿ."

ದಾರಿಹೋಕರ ತಪ್ಪಿಗೆ ಯಾರೂ ಟಗರು ತರುವುದಿಲ್ಲ. ತಂದರೆ ಅವರು ದಾರಿಹೋಕರಾಗಿ ಉಳಿಯುವುದಿಲ್ಲ. ಇದು ಅಲ್ಲಿ ನಿಂತ ಪ್ರತಿಯೊಬ್ಬನಿಗೂ ತಿಳಿದ ವಿಷಯ. ಎಕೋ ಅವಳ ಹತ್ತಿರ ಬಂದ.

"ತಂದ್ರೆ ಏನಾಗುತ್ತೆ ಗೊತ್ತಾ ನಿಂಗೆ? ಇವತ್ತಿಂದ ಅವು ಯಾರ ತೆಂಗಿನಕಾಯಿ ಕದ್ರೂ, ಯಾರ ಬಲೆ ಹರಿದ್ರೂ ಜನ ನಿನ್ನ ಬಾಗಿಲಿಗೇ ಬರ್ತಾರೆ. ಹನ್ನೊಂದೂ ನಿನ್ನ ತಲೆಗೇ. ನಿನ್ನ ಮಗನ್ನ ಕೇಳಿದೀಯಾ?"

"ಇಲ್ಲ."

"ಅವರ ಅಪ್ಪ ಅಮ್ಮಂದಿರ್ನ?"

"ಇಲ್ಲ ಭಾವ."

"ಮತ್ತೆ?"

"ಗೊತ್ತಿಲ್ಲ ಭಾವ. ಮೇಕೆ ಅನ್ನಬೇಡಿ."

ಎಕೋ ತಲೆ ತಗ್ಗಿಸಿದ. ಆಮೇಲೆ ಹುಡುಗರ ಕಡೆ ಕೈ ಬೀಸಿ, "ಹೋಗಿ, ಅವಳ ಹಿತ್ತಲಿಂದ ಟಗರು ಹೊಡ್ಕೊಂಡು ಬನ್ನಿ" ಎಂದ. ಅದು ಈಸ್ಟರಿಗೆ ಮಗ ಸೊಸೆ ಬಂದಾಗ ಕಡಿಯಲೆಂದು ಸಾಕಿದ್ದ ಟಗರು. ಕಟ್ಟೆಯ ಮುಂದೆ ಅದರ ರಕ್ತ ಬಿತ್ತು. ಪದ್ಧತಿಯಂತೆ ತಪ್ಪು ಮಾಡಿದವರ ಹೆಸರು ಹೇಳಬೇಕು. ಜಿಫಾಳಿಂದ ಹಿಡಿದು ಹನ್ನೊಂದು ಹೆಸರನ್ನೂ ಅರಬಾ ಒಂದೊಂದಾಗಿ ಹೇಳಿದಳು, ಎಕೋ ಒಂದೊಂದನ್ನೂ ಗಟ್ಟಿಯಾಗಿ ಮತ್ತೆ ಹೇಳಿ, "ಮನ್ನಿಸಿದೆವು" ಎಂದ. ಎವೆ ಹೆಸರುಗಳು ಅವನ ಬಾಯಲ್ಲಿ ಸರಿಯಾಗಿ ತಿರುಗಲಿಲ್ಲ. ಎರಡನ್ನು ಜಿಫಾ ತಿದ್ದಿದಳು. ಅವನು ಗೊಣಗುತ್ತಲೇ ತಿದ್ದಿಕೊಂಡ.

ಆಮೇಲೆ ಹಸಿರು ಬಿಚ್ಚುವ ಕೆಲಸ. ಮಧ್ಯಾಹ್ನವೆಲ್ಲ ಹನ್ನೊಂದು ಮಕ್ಕಳೂ ಅಂಗಡಿಯ ಮುಂದೆ ಬರೀ ಚಡ್ಡಿಯಲ್ಲಿ ಕೂತು ಹಲ್ಲಿನಿಂದ, ಉಗುರಿನಿಂದ ದಾರ ಕಿತ್ತರು. ಅರಬಾ ಬಿಳಿ ಬಟ್ಟೆಯ ಚೂರು ಹಿಡಿದು ಎಕೋನ ಮನೆಗೆ ಹೋಗಿ, "ಭಾವ, ಬಿಳಿ ಯಾರದ್ದೂ ಅಲ್ಲ ತಾನೆ?" ಎಂದು ಎರಡು ಸಲ ಕೇಳಿಕೊಂಡು ಬಂದು ಹೊಲಿಯಲು ಕೂತಳು. ಅವನು ಬಟ್ಟಲಲ್ಲಿದ್ದ ಟಗರಿನ ಮಾಂಸ ನುಂಗುತ್ತ, "ಹೋಗಮ್ಮ, ಹೋಗಿ ಹೊಲಿ" ಎಂದಿದ್ದ. ಕೆಲಸ ಮಾಡುವಾಗಲೂ ಅವಳ ತಲೆ ತಿಳಿಯಾಗಲಿಲ್ಲ. ಮಗನಿಗೆ ಏನು ಹೇಳುವುದು? ಹಿನ್ನೀರಿನ ತಾಯಂದಿರು ಬಂದು, ನಮ್ಮ ಮಕ್ಕಳ ಹೆಸರಿನಲ್ಲಿ ಟಗರು ಕೊಡಲು ನೀನಾರು ಎಂದರೆ? ಅವರು ಹಾಗೆ ಕೇಳಿದರೆ ಅದೂ ನ್ಯಾಯವೇ. ಸಂಜೆ ಜಿಫಾಳ ತಾಯಿ ಬಂದಳು, ಉಪ್ಪು ಕೆರೆದು ಬಿರಿದ ಕೈಯವಳು. ಏನೂ ಕೇಳಲಿಲ್ಲ. ಎಲೆಯಲ್ಲಿ ಸುತ್ತಿದ ಮೆಕ್ಕೆಜೋಳದ ಹಿಟ್ಟಿನ ಕೆಂಕೆ ಉಂಡೆ ಮತ್ತು ಕರಿದ ಮೀನು ಯಂತ್ರದ ಪಕ್ಕದಲ್ಲಿಟ್ಟು, ನೆಲದ ಮೇಲೆ ಕೂತು ತಾನೂ ದಾರ ಕೀಳತೊಡಗಿದಳು.

ಮಾರನೇ ದಿನ ಹನ್ನೊಂದು ಮಕ್ಕಳೂ ನಡೆದರು. ಬಟ್ಟಲು ಬೇರೆ ಶಾಲೆಗೆ ಹೋಯಿತು. ಕಟ್ಟೆಯ ಮುಂದೆ ಹೋಗುವಾಗ ಬಿಳಿ ಪಟ್ಟಿಯ ತೋಳುಗಳು ಉಳಿದವರಿಗಿಂತ ಒಂದು ಗೇಣು ಹೆಚ್ಚೇ ಎತ್ತರಕ್ಕೆ ಹಾರಿದವು, ತಾಳ ತಪ್ಪಿದ್ದು ಅಲ್ಲೇ ಎಂದು ಮಾಸ್ತರರು ಇವತ್ತಿಗೂ ದೂರುತ್ತಾರೆ.

ಏಳನೇ ತಾರೀಕು ಬೆಳಿಗ್ಗೆ ಅರಬಾ ಒಬ್ಬಳ ರವಿಕೆಗೆ ತೋಳು ಕೂಡಿಸುತ್ತಿದ್ದಾಗ ಮಾಸ್ತರ್ ಕ್ವೈನೂ ತಾವೇ ಅಂಗಡಿಗೆ ಬಂದರು. ಮುಖ ಗಂಟಿಕ್ಕಿಕೊಂಡಿತ್ತು.

"ಬನ್ನಿ ಸ್ಕೂಲಿಗೆ. ನಿಮ್ಮ ಹುಡುಗಿ ಯೂಫಿ ಮೊಮ್ಮಗನ ಮೂಗಿಗೆ ಗುದ್ದಿದಾಳೆ."

"ನನ್ನ ಹುಡುಗೀನಾ?"

"ಜಿಫಾ. ಅವನು ಅಂಗಿಗೆ ತೇಪೆ ಹಾಕ್ಕೊಂಡಿದೀಯಾ ಅಂದ್ನಂತೆ. ಇವಳು, ನಮ್ಮ ತಪ್ಪಿಗೆ ಊರಲ್ಲಿ ಟಗರು ಕಡ್ದಿದಾರೆ, ನಿನ್ನ ತಪ್ಪಿಗೆ ಏನು ಕಡ್ದಿದಾರೆ ಅಂತ ಕೇಳಿದ್ಳಂತೆ. ಅಲ್ಲಿಂದ ಶುರು. ಹನ್ನೊಂದೂ ಒಂದೇ ಕಡೆ ಸೇರ್ಕೊಂಡಿವೆ."

"ಹನ್ನೊಂದೂ ಸ್ಕೂಲಿಗೆ ಬಂದಿದಾವಾ ಮಾಸ್ತರೇ?"

"ಬಂದಿದ್ದಕ್ಕೇ ಅಲ್ವಾ ನನಗೆ ಈ ಗ್ರಹಚಾರ. ಮನೆಯೋರು ಬರ್ದೆ ಒಳಗೆ ಬಿಡಲ್ಲ ಅಂತ ನಿಲ್ಲಿಸಿದೀನಿ. ಬೇಗ ಬನ್ನಿ."

ಅರಬಾಳನ್ನು ಯಾರೂ ಯಾವ ಮಗುವಿಗಾಗಿಯೂ ಶಾಲೆಗೆ ಕರೆಸಿದ್ದಿಲ್ಲ, ಅವಳ ಮಗ ಅಷ್ಟು ಸಾಧು. ಅಲ್ಲಿ ಹೋಗಿ ಏನು ಹೇಳಬೇಕು, ಬೈಯಬೇಕೋ, ಬೇಡಿಕೊಳ್ಳಬೇಕೋ, ಅವಳಿಗೆ ತೋಚಲಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಳ್ಳಲು ಹೋದರೆ ಅವಸರಕ್ಕೆ ಗಂಟೇ ಬೀಳಲಿಲ್ಲ. ರವಿಕೆಯನ್ನು ಸೂಜಿಯ ಕೆಳಗೇ ಬಿಟ್ಟು, ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು, ಅವಳು ಮಾಸ್ತರರ ಹಿಂದೆ ಹೊರಟಳು.